ಬಿಳಿ ಪುಡಿಯ ಮೇಲೊಂದು ಪದರ

ಅಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅವ್ವ ಸತ್ತಾಗ ನನಗೆ ಐದು ವರ್ಷ. ಅವ್ವನ ಮುಖ ನೆನಪಿಲ್ಲ. ಅವ್ವ ಎಂದರೆ ಕಣ್ಣ ಮುಂದೆ ಬರುವುದು ಅಕ್ಕನ ಮುಖವೇ. ಹಾರೂಗೇರಿ ಹತ್ತಿರದ ಹಳ್ಳಿಯಿಂದ ಅವಳಿಗೆ ಸಂಬಂಧ ಬಂದಾಗ, ಹಿರಿಯರೆಲ್ಲ ಕುಳಿತು ಮಾತಾಡುತ್ತಿದ್ದ ಪಡಸಾಲೆಗೆ ಬಂದು, "ನಾ ಬಂದರ ನನ್ನ ತಮ್ಮನೂ ಬರ್ತಾನ. ಅದಕ ಒಪ್ಪಿಗಿ ಇದ್ದರ ಮುಂದಿನ ಮಾತಾಡ್ರಿ" ಎಂದಿದ್ದಳಂತೆ. ಹದಿನಾರು ವರ್ಷದ ಹುಡುಗಿಯ ಬಾಯಲ್ಲಿ ಇಂಥ ಮಾತು ಕೇಳಿ ಅಪ್ಪ ತಲೆ ತಗ್ಗಿಸಿದ್ದ. ವರನ ಕಡೆಯ ಒಬ್ಬಿಬ್ಬರು ಎದ್ದೂ ನಿಂತಿದ್ದರು. ವರ ಮಾತ್ರ ಕೂತಲ್ಲಿಂದಲೇ "ಬರಲಿ ಬಿಡ್ರಿ, ಒಂದ್ ರೊಟ್ಟಿ ಹೆಚ್ಚಿಗಿ ಬಡದರಾತು" ಎಂದರಂತೆ. ಅವರೇ ನಮ್ಮ ಮಾಮಾ. ನಮ್ಮ ಕಡೆ ಅಕ್ಕನ ಗಂಡನನ್ನು ಮಾಮಾ ಎಂದೇ ಕರೆಯುವುದು.

ಮಾಮಾನಿಗೆ ಹೊಲವೆಂದು ಹೇಳಿಕೊಳ್ಳುವಂಥದ್ದು ಇರಲಿಲ್ಲ. ನಾಲ್ಕು ಆಡು, ಒಂದು ಎಮ್ಮೆ, ಮತ್ತು ಕೈಯಲ್ಲಿದ್ದ ಒಂದು ಕಸುಬು. ಊರಿಂದ ಎರಡು ಹರದಾರಿ ದೂರದಲ್ಲಿ ಒಂದು ಸಕ್ಕರೆ ಕಾರ್ಖಾನೆ ಇತ್ತು. ಅದರ ಹೆಸರು ಇಲ್ಲಿ ಬೇಡ. ಕಬ್ಬು ಅರೆಯುವುದು ನಿಂತ ಮೇಲೆ, ಬೇಸಿಗೆಯಿಂದ ದಸರೆಯ ತನಕ, ಅಲ್ಲಿ ಯಂತ್ರಗಳ ರಿಪೇರಿ ನಡೆಯುತ್ತಿತ್ತು. ಬಾಯ್ಲರಿನಿಂದ ಹೊರಡುವ ಉಗಿಯ ಪೈಪುಗಳ ಕಾವು ಹೊರಗೆ ಹೋಗದಂತೆ ಅವಕ್ಕೆ ದಪ್ಪನೆಯ ಬಿಳಿ ಹೊದಿಕೆ ಕಟ್ಟುತ್ತಾರೆ. ಅದಕ್ಕೆ ಲ್ಯಾಗಿಂಗ್ ಎನ್ನುತ್ತಾರೆ. ಮಾಮಾ ಅಲ್ಲಿ ಗುತ್ತಿಗೆದಾರನೊಬ್ಬನ ಕೈಕೆಳಗೆ ಲ್ಯಾಗಿಂಗ್ ಮಿಸ್ತ್ರಿ. ಗೋಣಿಚೀಲಗಳಲ್ಲಿ ಬರುತ್ತಿದ್ದ ಬಿಳಿ ಪುಡಿಗೆ ನೀರು ಹಾಕಿ ಹಿಟ್ಟಿನ ಹಾಗೆ ಕಲಸಿ, ಮುದ್ದೆ ಮುದ್ದೆಯಾಗಿ ಪೈಪಿಗೆ ಮೆತ್ತಿ, ತಂತಿಯ ಜಾಳಿಗೆ ಸುತ್ತಿ, ಮತ್ತೆ ಮೆತ್ತಿ ನಯ ಮಾಡುವುದು. ಕಲಸುವುದು ಮತ್ತು ಮೆತ್ತುವುದು ಹೆಂಗಸರ ಪಾಲಿಗೆ. ಮದುವೆಯಾದ ಎರಡನೆಯ ವರ್ಷದಿಂದಲೇ ಅಕ್ಕ ಮಾಮಾನ ಜೋಡಿ ಆ ಕೆಲಸಕ್ಕೆ ಹೋದಳು.

ಸಂಜೆ ಅವರಿಬ್ಬರೂ ಮನೆಗೆ ಬಂದಾಗ ಹುಬ್ಬು, ರೆಪ್ಪೆ, ತಲೆಗೂದಲು ಎಲ್ಲ ಬೆಳ್ಳಗಿರುತ್ತಿದ್ದವು. ಅಕ್ಕ ನಗುತ್ತ, "ನೋಡೋ, ಒಂದ ದಿನದಾಗ ಮುದುಕಿ ಆಗಿ ಬಂದೇನಿ" ಎನ್ನುತ್ತಿದ್ದಳು. ಖಾಲಿ ಚೀಲಗಳನ್ನು ಕಾರ್ಖಾನೆಯವರು ಕೇಳಿದವರಿಗೆ ಕೊಡುತ್ತಿದ್ದರು. ಅವನ್ನು ಹಿತ್ತಲಿನ ಗೋಡೆಗೆ ಬಡಿದು ಬಡಿದು ಜಾಡಿಸಿ, ಒಗೆದು, ನಡುವೆ ಹಳೆಯ ಸೀರೆಯಿಟ್ಟು ಅಕ್ಕ ಕೌದಿ ಹೊಲಿಯುತ್ತಿದ್ದಳು. ನಾನು ಮಲಗಿದ್ದು ಅವುಗಳ ಮೇಲೆ. ಮುಂದೆ ಅವಳಿಗೆ ಹುಟ್ಟಿದ ಮಗಳು ಮಲಗಿದ್ದೂ ಅವುಗಳ ಮೇಲೆಯೇ. ಆ ಪುಡಿಯ ಹೆಸರು ನಮಗೆ ಗೊತ್ತಿರಲಿಲ್ಲ. ಚೀಲದ ಮೇಲೆ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿತ್ತು. ನಾವು ಬಿಳಿ ಪುಡಿ ಅನ್ನುತ್ತಿದ್ದೆವು. ಕನ್ನಡದಲ್ಲಿ ಅದಕ್ಕೆ ಕಲ್ನಾರು ಎಂಬ ಹೆಸರಿದೆಯೆಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕಲ್ಲಿನೊಳಗಿನ ನಾರು.

ಮೆಟ್ರಿಕ್ ಪಾಸಾಗಲಿಲ್ಲವೆಂದು ಮಾಮಾ ನನ್ನನ್ನು ನಿಪ್ಪಾಣಿಯ ಒಂದು ಗ್ಯಾರೇಜಿಗೆ ಸೇರಿಸಿದರು. ತಂಬಾಕು ಸಾಗಿಸುವ ಲಾರಿಗಳಿಗೆ ಅಲ್ಲಿ ಬಾಡಿ ಕಟ್ಟಿ ಬಣ್ಣ ಹೊಡೆಯುತ್ತಿದ್ದರು. ಕಂಪ್ರೆಸರಿನ ಗಾಳಿಯಿಂದ ಬಣ್ಣವನ್ನು ಹೊಗೆಯ ಹಾಗೆ ಚಿಮ್ಮಿಸುವ ಸ್ಪ್ರೇ ಗನ್ ನನ್ನ ಕೈಗೆ ಚೆನ್ನಾಗಿ ಒಗ್ಗಿತು. ಊರೆಲ್ಲ ತಂಬಾಕಿನ ಘಾಟು, ಗ್ಯಾರೇಜಿನಲ್ಲಿ ಥಿನ್ನರಿನ ವಾಸನೆ. ಎರಡರ ನಡುವೆ ಮೂರು ವರ್ಷ ಕಳೆದೆ. ಆಮೇಲೆ ಹಳೆಯದೊಂದು ಕಂಪ್ರೆಸರ್ ಕೊಂಡು ಹಾರೂಗೇರಿಗೆ ಬಂದು ಟ್ರ್ಯಾಕ್ಟರ್ ಟ್ರೇಲರು, ಕಬ್ಬಿಣದ ಕಪಾಟು, ಬೋರಗಾಂವದ ವಿದ್ಯುತ್ ಮಗ್ಗಗಳ ಚೌಕಟ್ಟು, ಯಾರು ಏನು ತಂದರೂ ಬಣ್ಣ ಹೊಡೆದು ಕೊಡತೊಡಗಿದೆ. ಎಂಬತ್ತರ ದಶಕದ ನಡುವಿನ ಮಾತು ಇದು. ಆ ಎರಡು ಮೂರು ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ದುಡಿಯುತ್ತಿದ್ದೆವು, ಎಲ್ಲರೂ ನಗುತ್ತಿದ್ದೆವು. ಹೆಚ್ಚಿನದೇನೂ ಆಗಲಿಲ್ಲವಾದ್ದರಿಂದ ಆ ದಿನಗಳ ಬಗ್ಗೆ ಬರೆಯಲು ನನ್ನ ಬಳಿ ಏನೂ ಇಲ್ಲ.

ಅಕ್ಕನಿಗೆ ಮೊದಲು ಕಂಡದ್ದು ಒಣ ಕೆಮ್ಮು. ಅವಳು ಜಗಳಗಂಟಿ. ಹೊಲದ ಈ ಬದುವಿನಿಂದ ಆ ಬದುವಿನಲ್ಲಿದ್ದವರ ಜೊತೆ ಕೂಗಿ ಜಗಳವಾಡಿ ಗೆದ್ದು ಬರುತ್ತಿದ್ದವಳು. ಅವಳು ಮಾತಿನ ನಡುವೆ ಉಸಿರಿಗಾಗಿ ನಿಲ್ಲುವುದನ್ನು ಕಂಡಾಗ ನನಗೆ ವಿಚಿತ್ರವೆನಿಸಿತು. ಊರ ಡಾಕ್ಟರು ಎದೆಗೆ ನಳಿಗೆ ಹಚ್ಚಿ ನೋಡಿ, "ಹಲ್ಲಿಗೆ ಮಿಶ್ರಿ ತಿಕ್ಕೂದು ಬಿಡು ಬೇ" ಎಂದರು. ಹುರಿದ ತಂಬಾಕಿನ ಆ ಪುಡಿಯನ್ನು ಅವಳು ಬಿಟ್ಟಳು. ಕೆಮ್ಮು ಬಿಡಲಿಲ್ಲ. ಆಮೇಲೆ ಟೀಬಿ ಎಂದರು. ಒಂದು ವರ್ಷ ಗುಳಿಗೆ ನುಂಗಿದಳು. ಮೂತ್ರ ಕೆಂಪಗಾಯಿತು, ಊಟ ಸೇರದಾಯಿತು. ಏರಿ ಹತ್ತುವಾಗ ಎರಡು ಕಡೆ ಕೂರುತ್ತಿದ್ದವಳು ನಾಲ್ಕು ಕಡೆ ಕೂರುವಂತಾದಳು. ಟೀಬಿ ಎಂದು ಗೊತ್ತಾದ ಮೇಲೆ ನೆರೆಯವರು ಅವಳಿಗೆ ಬೇರೆ ಲೋಟದಲ್ಲಿ ಚಹಾ ಕೊಟ್ಟರು. ಅವಳು ಆ ಲೋಟವನ್ನು ಅಲ್ಲಿಯೇ ಕಟ್ಟೆಯ ಮೇಲೆ ಇಟ್ಟು ಕುಡಿಯದೆ ಬಂದಳು. ಮತ್ತೆ ಯಾರ ಮನೆಗೂ ಹೋಗಲಿಲ್ಲ.

ರಾಯಬಾಗದಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ ನಾನೂ ಮಾಮಾನೂ ಅವಳನ್ನು ಮಿರಜಿಗೆ ಕರೆದುಕೊಂಡು ಹೋದೆವು. ಅಲ್ಲಿಯ ದೊಡ್ಡ ದವಾಖಾನೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರು ಮರಾಠಿಯವರು, ಆದರೆ ನಮ್ಮ ಕಡೆಯ ರೋಗಿಗಳನ್ನು ನೋಡಿ ನೋಡಿ ಕನ್ನಡ ಬರುತ್ತಿತ್ತು.

"ಏನ್ ಕೆಲಸಾ ಮಾಡ್ತೀ ಬಾಯಿ?"

ಅಕ್ಕ ಹೇಳಿದಳು. ಡಾಕ್ಟರು ಕೈಯಿಂದ ಕಲಸುವ ಹಾಗೆ ಮಾಡಿ ತೋರಿಸಿ, "ಹಿಂಗ? ಕೈಲೇ?" ಎಂದು ಕೇಳಿದರು.

"ಹೌದ್ರಿ. ಕೈಲೇ ಕಲಸಿದರನ ಅದು ಹದಾ ಬರೂದು."

"ಎಷ್ಟ ವರ್ಷ?"

ಅಕ್ಕ ಮಾಮಾನ ಮುಖ ನೋಡಿದಳು. ಮಾಮಾ ಬೆರಳು ಮಡಚಿ ಎಣಿಸಿ, "ಹದಿನಾಕ ಸೀಜನ್ ಆದುವ್ರಿ" ಎಂದರು.

ಡಾಕ್ಟರು ಎಕ್ಸ್‌ರೇಯನ್ನು ಕೆಳಗಿಟ್ಟರು. ಇದು ಟೀಬಿ ಅಲ್ಲ, ಆ ಪುಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಲ್ಲಿನ ಎಳೆಗಳಿರುತ್ತವೆ, ಉಸಿರಿನ ಜೊತೆ ಒಳಗೆ ಹೋದವು ಹೊರಗೆ ಬರುವುದಿಲ್ಲ, ಅಲ್ಲಿಯೇ ನಾಟಿಕೊಂಡು ಫುಪ್ಪುಸವನ್ನು ಚರ್ಮದ ಹಾಗೆ ಗಡುಸು ಮಾಡುತ್ತವೆ ಎಂದು ನಿಧಾನವಾಗಿ ಹೇಳಿದರು. ಔಷಧ ಕೇಳಿದಾಗ ಇಲ್ಲವೆಂದು ತಲೆಯಾಡಿಸಿದರು. ಟೀಬಿಯ ಗುಳಿಗೆ ನಿಲ್ಲಿಸಲು ಹೇಳಿದರು. ಹೊರಡುವಾಗ ಮಾಮಾನನ್ನು ತಡೆದು, "ನೀವೂ ಅದನ್ನ ಬಿಡ್ರಿ. ಆ ಪೈಪಿನ ಮ್ಯಾಲಿಂದು ಒಡೀಬಾರದು, ಕೆರೀಬಾರದು. ತೆಗಿಯಾಕ ಆಗದಿದ್ದರ ಅದು ಹಾರಧಾಂಗ ಮುಚ್ಚಿಬಿಡಬೇಕು" ಎಂದರು.

ಗಾಡಿಯಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ಗಾಡಿ ಕುಡಚಿ ದಾಟಿತು. ಆಮೇಲೆ ಅವಳು, "ಟೀಬಿ ಅಲ್ಲ ಅಂದ್ರಲ್ಲ, ಊರಾಗ ಅದನ್ನರ ಹೇಳ್ರಿ" ಎಂದಳು. ಅಷ್ಟೇ.

ಮರುವರ್ಷ ಕಾರ್ಖಾನೆಗೆ ಹೊಸ ಇಂಜಿನಿಯರೊಬ್ಬರು ಬಂದರು. ಕೊಲ್ಹಾಪುರದ ಕಡೆಯವರು, ಮೂವತ್ತರ ಆಸುಪಾಸು, ಮಾತು ಕಡಿಮೆ. ಮಾಮಾ ಹೇಳಿದಂತೆ, ಅವರು ಬಾಯ್ಲರ್ ಮನೆಯೊಳಗೆ ಕಾಲಿಟ್ಟ ಮೊದಲ ದಿನವೇ ಲ್ಯಾಗಿಂಗ್ ಉದುರಿದ ಕಡೆಗಳನ್ನು ನೋಡಿ ಹೊರಗೆ ಹೋಗಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಮತ್ತೆ ಬಂದರಂತೆ. ಹಿಂದೆ ಅವರು ದುಡಿಯುತ್ತಿದ್ದ ಕಡೆ ಯಂತ್ರ ಕೂರಿಸಲು ಬಂದ ಪರದೇಶದವನೊಬ್ಬ ಇದೇ ಪುಡಿಯನ್ನು ಕಂಡು, ಇದನ್ನು ಮುಚ್ಚುವ ತನಕ ಒಳಗೆ ಬರುವುದಿಲ್ಲವೆಂದು ಹಟ ಹಿಡಿದಿದ್ದನಂತೆ. ಹಳೆಯ ಲ್ಯಾಗಿಂಗನ್ನೆಲ್ಲ ಕಿತ್ತು ಬೇರೆ ಸಾಮಾನು ಕಟ್ಟಬೇಕೆಂದು ಇಂಜಿನಿಯರು ಆಡಳಿತದವರಿಗೆ ಹೇಳಿ ನೋಡಿದರು. ಒಪ್ಪಲಿಲ್ಲ. ಕೀಳುವ ರೀತಿ ಬಲ್ಲವರೂ ನಮ್ಮ ಸೀಮೆಯಲ್ಲಿ ಇರಲಿಲ್ಲ. ಕೊನೆಗೆ, ಇದ್ದಲ್ಲಿಯೇ ಅದರ ಮೇಲೆ ದಪ್ಪನೆಯ ರಬ್ಬರಿನಂಥ ಬಣ್ಣ ಚಿಮ್ಮಿಸಿ ಗಟ್ಟಿಯಾಗಿ ಮುಚ್ಚಿಬಿಡಲು ಒಪ್ಪಿಗೆ ಸಿಕ್ಕಿತು. ಪುಣೆಯಿಂದ ಡಬ್ಬಿಗಳು ಬಂದವು. ಹೊಡೆಯುವವರು ಬೇಕಾದಾಗ ಮಾಮಾ ನನ್ನ ಹೆಸರು ಹೇಳಿದರು.

ನನಗೆ ಹೋಗುವ ಮನಸ್ಸಿರಲಿಲ್ಲ. ಅಕ್ಕನ ಎದೆಯನ್ನು ತಿಂದ ಆ ಗೋದಾಮಿನಂಥ ಕತ್ತಲೆ ಮನೆಗೆ ಬೆಂಕಿ ಹಚ್ಚಬೇಕೆನಿಸುತ್ತಿತ್ತೇ ಹೊರತು ಬಣ್ಣ ಹೊಡೆಯಬೇಕೆಂದು ಎನಿಸುತ್ತಿರಲಿಲ್ಲ. ಅಕ್ಕ ಒಲೆಯ ಮುಂದೆ ಕೂತಿದ್ದಳು. ಆಗ ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟಾಗಿತ್ತು.

"ಹೋಗು," ಎಂದಳು.

"ನನಗೂ ಹತ್ತಿದರ?"

"ಬಾಯಿ ಮೂಗ ಕಟ್ಟಿಕೊಂಡ ಹೋಗು. ಅಲ್ಲಿ ಇನ್ನೂ ಆರ ಮಂದಿ ಹೆಣಮಕ್ಕಳು ಅದಾರ." ಉಸಿರೆಳೆದುಕೊಂಡು ಮತ್ತೆ ಹೇಳಿದಳು: "ನಾ ಮೆತ್ತಿದ್ದು ಹಾರಾಕತ್ತೇತಿ ತಮ್ಮಾ. ನೀ ಹೋಗಿ ಮುಚ್ಚು."

ಮೊದಲ ದಿನವೇ ನಾನು ತಪ್ಪು ಮಾಡಿದೆ. ಲಾರಿಗೆ ಹೊಡೆಯುವ ಹಾಗೆ ಗಾಳಿಯ ಒತ್ತಡವಿಟ್ಟು ಗನ್ನಿನ ಗುಂಡಿ ಒತ್ತಿದೆ. ಪೈಪಿನ ಮೇಲೆ ಬಣ್ಣ ಕೂರುವ ಮೊದಲೇ ಅದರ ಮೈಯಿಂದ ಬಿಳಿಯ ಹುಡಿ ಎದ್ದು, ತಗಡಿನ ತೂತಿನಿಂದ ಬೀಳುತ್ತಿದ್ದ ಬಿಸಿಲುಕೋಲಿನಲ್ಲಿ ತಿರುಗತೊಡಗಿತು. ಇಂಜಿನಿಯರು ಓಡಿ ಬಂದು ಕಂಪ್ರೆಸರ್ ಬಂದ್ ಮಾಡಿದರು. ಬೈಯಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ಆ ಹುಡಿ ನೆಲಕ್ಕೆ ಇಳಿಯುವ ತನಕ ಬಾಗಿಲ ಬಳಿ ನಿಂತರು. ಆಮೇಲೆ, "ಹಳೂ, ಹಳೂ ಮಾಡಬೇಕು ಪೇಂಟರ್. ಇದು ಗಾಯಾ ಇದ್ದಂಗ. ಮೊದಲ ನೀರು, ಆಮ್ಯಾಲ ಬಣ್ಣ" ಎಂದರು.

ಸಾಬೂನು ಬೆರೆಸಿದ ನೀರನ್ನು ಮಂಜಿನ ಹಾಗೆ ಬಿಟ್ಟು ಮೊದಲು ಪೈಪನ್ನು ತೋಯಿಸಬೇಕು. ಒತ್ತಡ ತೀರಾ ಕಡಿಮೆ, ಗನ್ನಿನ ಬಾಯಿ ದೊಡ್ಡದು, ಕೈ ಒಂದೂವರೆ ಮೊಳ ದೂರ. ಮೊದಲ ಪದರ ತೆಳ್ಳಗೆ, ಒಳಕ್ಕೆ ಇಳಿದು ಹಿಡಿದುಕೊಳ್ಳುವಂತೆ. ಅದರ ಬಣ್ಣ ತಿಳಿನೀಲಿ. ಅದು ಒಣಗಿದ ಮೇಲೆ ಎರಡನೆಯದು ದಪ್ಪಗೆ, ಬಿಳಿ. ಎಲ್ಲಿ ನೀಲಿ ಕಾಣುತ್ತದೋ ಅಲ್ಲಿ ಕೈತಪ್ಪಿದೆ ಎಂದು ಅರ್ಥ. ಹೊಡೆಯುವ ಮೊದಲು ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಬೇಕು. ಸದ್ದು ಗಟ್ಟಿಯಿದ್ದರೆ ಸರಿ. ಟೊಳ್ಳಾಗಿದ್ದರೆ ಒಳಗಿನ ಹಿಡಿತ ಬಿಟ್ಟಿದೆ. ಅದರ ಮೇಲೆ ಬಣ್ಣ ಬಿದ್ದರೆ ಬಣ್ಣದ ಭಾರಕ್ಕೇ ಕಳಚಿ ಬೀಳುತ್ತದೆ. ಅಂಥ ಕಡೆ ಮೊದಲು ಬಟ್ಟೆಯ ಪಟ್ಟಿ ಸುತ್ತಿ ಅಂಟಿಸಬೇಕು, ಮುರಿದ ಕೈಗೆ ಕಟ್ಟುವ ಹಾಗೆ. ಪುಣೆಯಿಂದ ಎರಡೇ ಮುಖವಾಡ ಬಂದಿದ್ದವು. ಒಂದು ನನಗೆ, ಒಂದು ಪಟ್ಟಿ ಸುತ್ತುವವರಿಗೆ. ಇಂಜಿನಿಯರು ಒದ್ದೆ ಟವೆಲ್ ಕಟ್ಟಿಕೊಂಡೇ ಇದ್ದರು.

ಮಳೆಗಾಲ ಪೂರ್ತಿ ನಡೆದ ಕೆಲಸ ಅದು. ಏಣಿಯ ಮೇಲೆ ನಿಂತು ಮೊಳ ಮೊಳ ಮುಂದೆ ಸರಿಯುತ್ತಿದ್ದೆ. ಎರಡನೆಯ ವಾರವಿರಬೇಕು, ದೊಡ್ಡ ಪೈಪೊಂದು ಗೋಡೆಯ ಕಡೆ ತಿರುಗುವ ಮೂಲೆಯಲ್ಲಿ ತಟ್ಟಿ ನೋಡಲು ಕೈಯಿಟ್ಟಾಗ ಮೇಲ್ಮೈ ನಯವಾಗಿರಲಿಲ್ಲ. ಟಾರ್ಚ್ ಹಿಡಿದು ನೋಡಿದೆ. ಮಿಸ್ತ್ರಿಯ ಕರಣೆ ಮುಟ್ಟದ ಜಾಗ ಅದು. ಹಸಿ ಇದ್ದಾಗ ತಟ್ಟಿ ಕೂರಿಸಿದ್ದ ಹೆಂಗಸರ ಬೆರಳುಗಳ ಅಚ್ಚು ಹಾಗೆಯೇ ಒಣಗಿತ್ತು. ಸಣ್ಣ ಕೈಗಳು. ಸಗಣಿಯ ಕುಳ್ಳಿನ ಮೇಲೆ ಮೂಡುತ್ತವಲ್ಲ, ಹಾಗೆ. ಒಂದರಲ್ಲಿ ಕಿರುಬೆರಳು ಹೊರಕ್ಕೆ ಸೊಟ್ಟಗಿತ್ತು. ಅಕ್ಕನ ಎಡಗೈಯ ಕಿರುಬೆರಳು ಎಮ್ಮೆಯ ಹಗ್ಗಕ್ಕೆ ಸಿಕ್ಕು ಮುರಿದು ಸೊಟ್ಟ ಕೂಡಿಕೊಂಡದ್ದು ನಾನು ಚಿಕ್ಕವನಿದ್ದಾಗ. ಆ ಕೈಯಿಂದಲೇ ಅವಳು ನನ್ನ ತಲೆ ಬಾಚುತ್ತಿದ್ದಳು.

ಎಷ್ಟು ಹೊತ್ತು ಏಣಿಯ ಮೇಲೆ ನಿಂತಿದ್ದೆನೋ. ಕೆಳಗಿನಿಂದ ಇಂಜಿನಿಯರು "ಏನಾತು?" ಎಂದು ಕೇಳಿದರು. "ಏನಿಲ್ರಿ" ಎಂದೆ. ನೀರು ಬಿಟ್ಟೆ. ನೀಲಿ ಹೊಡೆದೆ. ನೀಲಿಯಲ್ಲಿ ಬೆರಳುಗಳು ಇನ್ನೂ ಕಾಣುತ್ತಿದ್ದವು. ಮರುದಿನ ಬಿಳಿ ಹೊಡೆದಾಗ ಹೋದವು. ಮನೆಯಲ್ಲಿ ಅದನ್ನು ಹೇಳಲಿಲ್ಲ.

ಕೆಲಸ ಮುಗಿದಾಗ ಬಾಯ್ಲರ್ ಮನೆ ಗುರುತು ಸಿಗದಷ್ಟು ಬದಲಾಗಿತ್ತು. ಬಿಸಿಲುಕೋಲಿನಲ್ಲಿ ಏನೂ ತೇಲುತ್ತಿರಲಿಲ್ಲ. ಇಂಜಿನಿಯರು ಹೇಳಿದಂತೆ ಪೈಪುಗಳ ಮೇಲೆ ಕೆಂಪು ಅಕ್ಷರದಲ್ಲಿ, ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ, "ಒಡೆಯಬೇಡಿ, ಕೆರೆಯಬೇಡಿ" ಎಂದು ಬರೆದೆ. ಅಕ್ಕ ನೋಡಬೇಕೆಂದಳು. ಟೆಂಪೋದಲ್ಲಿ ಗಾದಿ ಹಾಸಿ ಕರೆದುಕೊಂಡು ಹೋದೆ. ಗೇಟಿನಿಂದ ಬಾಯ್ಲರ್ ಮನೆಯ ತನಕ ನಡೆಯಲು ಅವಳು ಆರು ಸಲ ಕೂತಳು. ಒಳಗೆ ಬಂದು ತಲೆಯೆತ್ತಿ ಒಂದೊಂದೇ ಪೈಪನ್ನು ನೋಡಿದಳು. ಜೊತೆಯಲ್ಲಿ ದುಡಿಯುತ್ತಿದ್ದ ಹೆಂಗಸರು ಬಂದು ಸುತ್ತ ನಿಂತರು. ಒಬ್ಬಾಕೆ, "ನಿನ್ನ ತಮ್ಮ ಛಲೋ ಮಾಡ್ಯಾನ ನೋಡವಾ" ಎಂದಳು.

"ಛಲೋ ಮಾಡ್ಯಾನ," ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, ಉಸಿರಿನ ನಡುವೆ ತಡೆದು ತಡೆದು, "ಇದನ್ನ ಮೊದಲ... ಯಾಕ ಮಾಡಲಿಲ್ಲ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು. ಇಂಜಿನಿಯರು ಅಲ್ಲಿಯೇ ಇದ್ದರು.

ಆ ಚಳಿಗಾಲ ಅವಳು ಮಲಗಲಾಗದೆ ಜೋಳದ ಚೀಲಕ್ಕೆ ಒರಗಿ ಕೂತೇ ಇರುತ್ತಿದ್ದಳು. ಒಂದು ಮಧ್ಯಾಹ್ನ ನನ್ನನ್ನು ಕರೆದು, "ಹಿತ್ತಲ ಗೋಡಿಗೂ ಹೊಡಿ" ಎಂದಳು. ನನಗೆ ತಕ್ಷಣ ತಿಳಿಯಲಿಲ್ಲ. ಚೀಲ ಬಡಿಯುತ್ತಿದ್ದ ಗೋಡೆ ಅದು. ಹದಿನಾಲ್ಕು ವರ್ಷ ಅವಳು ಬಡಿದ ಚೀಲಗಳ ಪುಡಿ ಆ ಮಣ್ಣಿನ ಬಿರುಕುಗಳಲ್ಲಿ ಕೂತಿದೆಯೆಂದು, ಮಗಳು ದಿನವೂ ಅಲ್ಲಿಯೇ ಆಡುತ್ತಾಳೆಂದು ಅವಳು ಒಬ್ಬಳೇ ಕೂತು ಯೋಚಿಸಿದ್ದಳು. ಕೌದಿಗಳನ್ನು ಅದಕ್ಕೂ ಮೊದಲೇ ಮಾಮಾನ ಕೈಯಿಂದ ಗುಂಡಿ ತೋಡಿಸಿ ಹುಗಿಸಿಬಿಟ್ಟಿದ್ದಳು.

ಮಣ್ಣಿನ ಗೋಡೆಗೆ ಆ ಬಣ್ಣ ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು. ಮಣ್ಣು ಉಸಿರಾಡುತ್ತದೆ, ಒಳಗಿನ ತೇವ ಹೊರಬರಲು ದಾರಿಯಿಲ್ಲದಿದ್ದರೆ ಪದರವನ್ನು ದೂಡಿಬಿಡುತ್ತದೆ. ಆದರೂ ಇಂಜಿನಿಯರನ್ನು ಕೇಳಿ ಉಳಿದಿದ್ದ ಎರಡು ಡಬ್ಬಿ ತಂದೆ. ಅಕ್ಕನನ್ನು ಬೇವಿನ ಕೆಳಗೆ ಹೊರಸಿನ ಮೇಲೆ ಕೂರಿಸಿ, ಅವಳು ನೋಡುತ್ತಿದ್ದಂತೆ ಗೋಡೆಯನ್ನು ತೋಯಿಸಿ, ನೀಲಿ ಹೊಡೆದು, ಮರುದಿನ ಬಿಳಿ ಹೊಡೆದೆ. ಕಾರ್ಖಾನೆಯಲ್ಲಿ ತೆಗೆದುಕೊಂಡಷ್ಟೇ ಎಚ್ಚರಿಕೆ ತೆಗೆದುಕೊಂಡೆ. ಅವಳು ಕೈಯೆತ್ತಿ ತೋರಿಸಿ, "ಅಲ್ಲಿ ನೀಲಿ ಕಾಣತೈತಿ" ಎಂದಳು. ಅಲ್ಲಿಗೂ ಹೊಡೆದೆ. ಅವತ್ತು ಅವಳು ಅರ್ಧ ರೊಟ್ಟಿ ಉಂಡಳು.

ಮುಂದಿನ ಬೇಸಿಗೆಯಲ್ಲಿ ಇಂಜಿನಿಯರು ಕಾರ್ಖಾನೆ ಬಿಟ್ಟು ಹೋದರು. ಅವರಾಗಿ ಬಿಟ್ಟರೋ, ಬಿಡಿಸಿದರೋ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಹೋಗುವ ಮುನ್ನ ನಮ್ಮ ಮನೆಗೆ ಬಂದು ಅಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅವಳು ಮುಜುಗರದಿಂದ ಸೆರಗು ಎಳೆದುಕೊಂಡಳು. ದಸರೆ ಹತ್ತಿರ ಬಂದಾಗ ದೊಡ್ಡ ಪೈಪಿನ ಒಂದು ಜೋಡಣೆಯಲ್ಲಿ ಉಗಿ ಸೋರತೊಡಗಿತು. ಸೀಜನ್ ಶುರುವಾಗಲು ಕೆಲವೇ ದಿನ ಉಳಿದಿತ್ತು. ಫಿಟ್ಟರುಗಳು ಸುತ್ತಿಗೆ, ಉಳಿ ಹಿಡಿದು ಲ್ಯಾಗಿಂಗನ್ನು ಒಡೆದು ತೆಗೆದರು. ಗೋದಾಮಿನಲ್ಲಿ ಹಳೆಯ ಪುಡಿಯ ಚೀಲಗಳು ಇನ್ನೂ ಇದ್ದವು. ಹೊಸದಾಗಿ ಮೆತ್ತಲು ಮಾಮಾನಿಗೆ ಹೇಳಿಕಳಿಸಿದರು. ಮಾಮಾ ಹೋದರು.

ನನಗೆ ಗೊತ್ತಾದದ್ದು ಅವರು ಸಂಜೆ ಬೆಳ್ಳಗಾಗಿ ಬಂದಾಗ. ಅಕ್ಕ ಒಳಗೆ ಚೀಲಕ್ಕೆ ಒರಗಿದ್ದಳು. ಮಾಮಾ ಅವಳಿಗೆ ಕಾಣಬಾರದೆಂದು ಹಿತ್ತಲಿಂದಲೇ ಬಂದು ಬಾವಿಕಟ್ಟೆಯ ಮೇಲೆ ಮೈ ತೊಳೆಯುತ್ತಿದ್ದರು.

"ಏನ್ರಿ ಮಾಮಾ ಇದು?"

ಮಾಮಾ ಕೊಡ ಕೆಳಗಿಟ್ಟರು. "ಮತ್ತೇನ್ ಮಾಡ್ಲಿ ಹೇಳು. ನಾ ಒಲ್ಲೆ ಅಂದರ ಆ ಹೆಣಮಕ್ಕಳನ್ನ ಅಷ್ಟ ಕರಸ್ತಿದ್ರು. ಅವರಿಗೆ ಬರಬ್ಯಾಡ್ರಿ ಅಂತ ಹೇಳಿ ನಾ ಒಬ್ಬನ ಕಲಸಿದೆ."

"ಡಾಕ್ಟರ್ ಹೇಳಿದ್ದು ಮರತ್ರೇನು?"

"ಮರತಿಲ್ಲ." ಕೊಡದಲ್ಲಿ ಉಳಿದ ನೀರನ್ನು ತಲೆಗೆ ಸುರಿದುಕೊಂಡು, "ನಂದೂ ಎದಿ ಹಿಡ್ಯಾಕತ್ತೇತಿ. ಹೋದ ವರ್ಷದಿಂದ. ನಿಮ್ಮಕ್ಕಗ ಹೇಳಬ್ಯಾಡ" ಎಂದರು.

ಮರುದಿನ ಕಾರ್ಖಾನೆಗೆ ಹೋದೆ. ನಾನು ಹೊಡೆದ ಪದರ ಒಡೆದ ಜಾಗದಲ್ಲಿ ಎಮ್ಮೆಯ ಹಸಿ ತೊಗಲಿನಂತೆ ಜೋತುಬಿದ್ದಿತ್ತು. ಕೆಂಪು ಅಕ್ಷರದ ಒಂದು ತುಂಡು ನೆಲದ ಮೇಲಿತ್ತು. ಉದುರಿದ ಪುಡಿಯ ಮೇಲೆ ಜನ ನಡೆದು ನಡೆದು ಬಾಗಿಲ ತನಕ ಬಿಳಿ ಹೆಜ್ಜೆಗಳಾಗಿದ್ದವು. ಹೊಸ ಅಧಿಕಾರಿ ಸಭ್ಯನೇ. ಕುರ್ಚಿ ಕೊಟ್ಟು ಕೂರಿಸಿದ. "ನೀವು ಹೇಳೂದು ಖರೆ ಐತ್ರಿ. ಆದರ ಕಬ್ಬಿನ ಗಾಡಿ ಹೊಂಟು ನಿಂತಾವ. ಉಗಿ ಸೋರಿದ್ರ ನಿಲ್ಲಸಾಕ ಆಗ್ತದೇನು? ಸೀಜನ್ ಮುಗೀಲಿ, ನೋಡೋಣು" ಎಂದ. ಸೀಜನ್ ಮುಗಿದ ಮೇಲೆ ಅವನು ನೋಡಲಿಲ್ಲ. ಕಳಚಿದ ಅಂಚುಗಳನ್ನಾದರೂ ಮುಚ್ಚಬೇಕೆಂದು ಅವತ್ತೇ ಬ್ರಶ್ ಹಿಡಿದು ಅರ್ಧ ದಿನ ಅಲ್ಲಿಯೇ ಬಳಿದೆ. ಬಾಯ್ಲರಿಗೆ ಪರೀಕ್ಷೆಗೆಂದು ಬೆಂಕಿ ಹಾಕಿದ್ದರು. ಬಿಸಿ ಪೈಪಿನ ಮೇಲೆ ಬಣ್ಣ ಗುಳ್ಳೆಯೆದ್ದು ಕೈಗೆ ಅಂಟಿಕೊಂಡು ಬಂತು. ಬ್ರಶ್ ಅಲ್ಲಿಯೇ ಬಿಟ್ಟು ಮನೆಗೆ ಬಂದೆ.

ಅಕ್ಕ ತೀರಿಕೊಂಡದ್ದು ಸಂಕ್ರಾಂತಿ ಕಳೆದ ಮೇಲೆ, ಒಂದು ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಬಂದ ಹೊತ್ತಿಗೆ. ಕೊನೆಯ ತಿಂಗಳಲ್ಲಿ ಅವಳು ಒಂದೊಂದೇ ಶಬ್ದ ಆಡುತ್ತಿದ್ದಳು. ನೀರು. ಕಿಟಕಿ. ಮಗಳ ಹೆಸರು. ಜಗಳಕ್ಕೆ ನಿಂತರೆ ಓಣಿಯೇ ಕೇಳುವಂತೆ ಮಾತಾಡುತ್ತಿದ್ದವಳು. ಆ ಬೆಳಿಗ್ಗೆ ಅವಳ ಬೆನ್ನಿಗೆ ಕೈ ಕೊಟ್ಟು ಕೂತಿದ್ದೆ. ಅವಳ ಉಸಿರು ಎಲ್ಲಿಗೋ ಹೋಗಲು ಪ್ರಯತ್ನಿಸಿ ಜಾಗ ಸಿಗದೆ ವಾಪಸಾಗುತ್ತಿರುವುದು ನನ್ನ ಅಂಗೈಗೆ ತಿಳಿಯುತ್ತಿತ್ತು. ಆಮೇಲೆ ತಿಳಿಯಲಿಲ್ಲ.

ಆ ವರ್ಷದ ಮಳೆಗೆ ಹಿತ್ತಲ ಗೋಡೆಯ ಪದರ ಉಬ್ಬಿ, ಒಂದು ದಿನ ದೊಡ್ಡ ಹಾಳೆಯಾಗಿ ಕಳಚಿ, ತನ್ನ ಜೊತೆ ಒಂದು ಗೇಣು ಮಣ್ಣನ್ನೂ ಎಳೆದುಕೊಂಡು ಬಿತ್ತು. ಮಾಮಾ ಅದನ್ನು ಗುದ್ದಲಿಯಿಂದ ಎಳೆದು ಅಂಗಳದ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರು.

ಒಂದೆರಡು ವರ್ಷ ಕಳೆದು, ಇಂಥ ರೋಗದಿಂದ ಸತ್ತ ಕೆಲಸಗಾರರ ಮನೆಯವರಿಗೆ ಪರಿಹಾರ ಕೇಳುವ ಹಕ್ಕಿದೆಯೆಂದು ಅಥಣಿಯ ವಕೀಲರೊಬ್ಬರು ಹೇಳಿದರು. ಮಾಮಾನಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ. ಆ ಹೊತ್ತಿಗೆ ಅವರೂ ಮೂರು ಹೆಜ್ಜೆಗೊಮ್ಮೆ ನಿಲ್ಲುವಂತಾಗಿದ್ದರು. "ಆಕೀ ಟೀಬಿಯಿಂದ ಸತ್ತಿಲ್ಲ ಅಂತ ಎಲ್ಲ್ಯರ ಒಂದ ಕಡಿ ಬರೀಲಿ, ಅಷ್ಟ ಸಾಕು" ಎಂದರು. ಅದಕ್ಕಾಗಿ ಹೋದೆವು. ಮಿರಜಿನ ಚೀಟಿ, ಎಕ್ಸ್‌ರೇ ಎಲ್ಲ ಒಂದು ಕೈಚೀಲದಲ್ಲಿಟ್ಟುಕೊಂಡು ಚಿಕ್ಕೋಡಿಯ ಒಂದು ಕಚೇರಿಗೆ ಎಷ್ಟು ಸಲ ಅಲೆದೆವೋ ಲೆಕ್ಕವಿಲ್ಲ. ಒಮ್ಮೆ ಸಾಹೇಬರಿಲ್ಲ, ಒಮ್ಮೆ ಅರ್ಜಿಯ ನಮೂನೆ ಬದಲಾಗಿದೆ, ಒಮ್ಮೆ ಕಾರ್ಖಾನೆಯಿಂದ ಉತ್ತರ ಬಂದಿಲ್ಲ.

ಕೊನೆಗೆ ಉತ್ತರ ಬಂತು. ಅಲ್ಲಿಯ ಗುಮಾಸ್ತ ಒಳ್ಳೆಯ ಮನುಷ್ಯ. ಮಾಮಾ ಮೆಟ್ಟಿಲು ಹತ್ತಲಾರರೆಂದು ತಾನೇ ಕಾಗದ ಹಿಡಿದು ಕೆಳಗೆ ಬಂದು, ಕಟ್ಟೆಯ ಮೇಲೆ ನಮ್ಮ ಪಕ್ಕ ಕೂತ. ಎರಡು ಸಲ ಓದಿದ. ಆಮೇಲೆ ಕನ್ನಡಕ ತೆಗೆದ.

"ಇವರ ಹೆಸರು ಹಾಜರಿ ಪಟ್ಟಿಯೊಳಗ ಇಲ್ರಿ."

"ಹೆಂಗ ಇಲ್ಲ?" ಎಂದೆ. "ಹದಿನಾಕ ವರ್ಷ ದುಡದಾಳ್ರಿ."

"ಗುತ್ತಿಗಿದಾರನ ಪಟ್ಟಿ ಕಳಿಸ್ಯಾರ ನೋಡ್ರಿ. ಮಿಸ್ತ್ರಿ ಅಂತ ಇವರದ ಹೆಸರೈತಿ." ಮಾಮಾನ ಕಡೆ ನೋಡಿದ. "ಅದರ ಮುಂದ 'ಜೋಡಿ' ಅಂತ ಬರದಾರ. ಜೋಡಿ ಅಂದರ ಯಾರು ಅಂತ ಬರದಿಲ್ಲ."

ಮಾಮಾ ಕಾಗದಕ್ಕಾಗಿ ಕೈ ಚಾಚಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ಗುಮಾಸ್ತ ಆ ಶಬ್ದದ ಮೇಲೆ ಬೆರಳಿಟ್ಟು ತೋರಿಸಿದ. ಮಾಮಾ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಇದು ಆಕೀನಾ?" ಎಂದು ಕೇಳಿದರು.

"ಹೌದ್ರಿ," ಎಂದ ಗುಮಾಸ್ತ.

ಮಾಮಾ ತಲೆಯಾಡಿಸಿ ಕಾಗದ ಹಿಂದಕ್ಕೆ ಕೊಟ್ಟರು. ಇನ್ನೊಂದು ಅರ್ಜಿ ಬರೆದುಕೊಡಿರೆಂದು ಗುಮಾಸ್ತ ಹೇಳುತ್ತಿದ್ದ, ಜೊತೆಗೆ ದುಡಿದ ಹೆಂಗಸರ ಸಾಕ್ಷಿ ಬೇಕಾಗುತ್ತದೆ ಎನ್ನುತ್ತಿದ್ದ. ಆ ಆರು ಜನರಲ್ಲಿ ಆಗ ಉಳಿದಿದ್ದವರು ಮೂವರು. ಮೂವರ ಹೆಸರೂ ಯಾವ ಪಟ್ಟಿಯಲ್ಲೂ ಇರಲಿಲ್ಲ. ನಾನು ಅರ್ಜಿ ಬರೆದೆ. ಮಾಮಾ ಹೆಬ್ಬೆಟ್ಟು ಒತ್ತಿದರು. ಅದಕ್ಕೆ ಉತ್ತರ ಬರುವ ಮೊದಲೇ, ಮುಂದಿನ ಹೋಳಿಯ ಹೊತ್ತಿಗೆ, ಅವರೂ ಹೋದರು. ಉತ್ತರ ಬಂದಿರಬಹುದು. ನಾನು ಮತ್ತೆ ಚಿಕ್ಕೋಡಿಗೆ ಕೇಳಲು ಹೋಗಲಿಲ್ಲ.